ಮಾನ್‌ಹೋಗೆ ನೆನಪಿಲ್ಲದ ಮಧ್ಯಾಹ್ನ

ನಮ್ಮ ಬಂದರಿನ ಗಂಡಸರ ಬೆನ್ನುಗಳೆಲ್ಲ ತಾಕ್ ಮಾನ್‌ಹೋಗೆ ಗೊತ್ತಿದ್ದವು. ಬಲೆ ಎಳೆದೆಳೆದು ಯಾರ ಬಲಭುಜ ಇಳಿದಿದೆ, ಯಾರ ಸೊಂಟದ ಮೇಲೆ ಹಳೆಯ ಹೊಲಿಗೆಯ ಗುರುತಿದೆ, ಯಾರಿಗೆ ಪಕ್ಕೆ ಮುಟ್ಟಿದರೆ ಕಚಗುಳಿ, ಎಲ್ಲ ಗೊತ್ತು. ನನ್ನ ಸ್ನಾನಗೃಹದಲ್ಲಿ ಅವನು ಹತ್ತೊಂಬತ್ತು ವರ್ಷ ಮೈ ಉಜ್ಜುವ ಕೆಲಸ ಮಾಡಿದ. ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ನೆನೆದು ಬಂದವರನ್ನು ಹಲಗೆಯ ಮೇಲೆ ಮಲಗಿಸಿ, ಕೈಗೆ ಒರಟು ಬಟ್ಟೆಯ ಚೀಲ ತೊಟ್ಟು, ಕತ್ತಿನಿಂದ ಹಿಮ್ಮಡಿಯವರೆಗೆ ಉಜ್ಜುತ್ತಿದ್ದ. ಮಗ್ಗುಲು ಬದಲಿಸು ಎಂದು ಬಾಯಿಬಿಟ್ಟು ಹೇಳುವವನಲ್ಲ. ತೊಡೆಯ ಮೇಲೆ ಎರಡು ಸಲ ತಟ್ಟುತ್ತಿದ್ದ, ಅಷ್ಟೆ. ಮಾತು ಕಡಿಮೆ, ನಗು ಜಾಸ್ತಿ. ಮದುವೆಯಾಗಿರಲಿಲ್ಲ. ಮೀನುಪೇಟೆಯಲ್ಲಿ ಒಣಮೀನು ಮಾರುವ ಅಕ್ಕ ಬೊಕ್‌ಹೀ ಒಬ್ಬಳೇ ಅವನಿಗಿದ್ದ ದಿಕ್ಕು.

ಬಟ್ಟೆ ಬಿಚ್ಚಿಡುವ ಕೋಣೆಯ ಮೂಲೆಯಲ್ಲಿ ಓಕ್ ಜೇಗುನ್ ಕ್ಷೌರದ ಕುರ್ಚಿ ಹಾಕಿಕೊಂಡಿದ್ದ. ಅವನೂ ಮಾನ್‌ಹೋನೂ ಓರಗೆಯವರು, ಇಬ್ಬರೂ ಹುಲಿವರ್ಷದಲ್ಲಿ ಹುಟ್ಟಿದವರು. ಜೇಗುನ್‌ನ ಕತ್ತರಿ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಯಾರಾದರೂ ಮೈ ಉಜ್ಜಿಸಿಕೊಂಡು ಕೆಂಪಗಾಗಿ ಹೊರಬಂದರೆ, "ನಮ್ಮ ಮಾನ್‌ಹೋಗೆ ಊಟ ಆಯ್ತಾ? ಊರಿನ ಕೊಳೆಯೆಲ್ಲ ಅವನಿಗೇ ಅನ್ನ ಕಣ್ರಪ್ಪ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮಾನ್‌ಹೋನೂ ನಗುತ್ತಿದ್ದ. ಅವನು ನಗುತ್ತಿದ್ದುದರಿಂದ ಅದು ಅವನಿಗೆ ತಾಗುವುದಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಕೊರಿಯಾದವರು ನಾವು, ಕುಡಿಯದೆ ಯಾವ ಮಾತನ್ನೂ ಪೂರ್ತಿ ಆಡುವವರಲ್ಲ. ಕುಡಿದು ಆಡಿದ್ದನ್ನು ಮರುದಿನ ಯಾರೂ ಎತ್ತುವುದಿಲ್ಲ, ಅದೂ ಒಂದು ರೀತಿಯ ಮರ್ಯಾದೆ. ಬೆಳಿಗ್ಗೆ ಸೋಯಾಮೊಳಕೆಯ ಬಿಸಿ ಸಾರು ಕುಡಿದು, "ನಿನ್ನೆ ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳುವುದು, "ಏ, ಏನಿಲ್ಲ ಬಿಡು" ಎನ್ನುವುದು. ನನ್ನ ಅಪ್ಪನ ಕಾಲದಿಂದ ಹೀಗೇ ನಡೆದು ಬಂದಿದೆ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ನಮ್ಮ ಬೀದಿಯ ಗೆಳೆಯರ ಸಂಘದಿಂದ ಬಸ್ಸು ಮಾಡಿಕೊಂಡು ಪ್ರವಾಸ ಹೊರಟೆವು. ಎರಡು ಗಂಟೆ ದಕ್ಷಿಣಕ್ಕೆ, ಪೈನ್ ಮರಗಳ ತೋಪಿರುವ ಒಂದು ಸಣ್ಣ ಬಂದರಿಗೆ. ಬೆಳಿಗ್ಗೆ ಎಂಟಕ್ಕೆ ಬಸ್ಸಿನ ಬಾಗಿಲು ಮುಚ್ಚುವುದೇ ತಡ, ಸೋಜು ಸಾರಾಯಿಯ ಬಾಟಲಿಗಳು ತೆರೆದುಕೊಂಡವು. ಹಾಡು ಹಾಕಿ ಸೀಟುಗಳ ನಡುವೆ ಹೆಂಗಸರೂ ಗಂಡಸರೂ ಕುಣಿದರು. ಮಾನ್‌ಹೋನ ಲೋಟಕ್ಕೆ ಅತಿ ಹೆಚ್ಚು ಸುರಿದವನು ನಾನೇ ಇರಬೇಕು. ಅವನು ಎರಡು ಕೈ ಒಡ್ಡಿ ಇಸಿದುಕೊಂಡು, ಮುಖ ಆಚೆ ತಿರುಗಿಸಿ ಕುಡಿಯುತ್ತಿದ್ದ. ನಾನು ಅವನಿಗಿಂತ ಹತ್ತು ವರ್ಷ ದೊಡ್ಡವನು, ಆ ಗೌರವ ಅವನು ಯಾವತ್ತೂ ಬಿಟ್ಟವನಲ್ಲ.

ಮಧ್ಯಾಹ್ನ ತೋಪಿನಲ್ಲಿ ಚಾಪೆ ಹಾಸಿ, ಬೂಟು ಕಳಚಿಟ್ಟು ಕೂತಿದ್ದೆವು. ನಡುವೆ ಹಸಿಮೀನಿನ ದೊಡ್ಡ ತಟ್ಟೆ, ಹಿತ್ತಾಳೆ ಕೆಟಲಿನಲ್ಲಿ ಅಕ್ಕಿಯ ಹೆಂಡ. ಪಕ್ಕದ ಚಾಪೆಯಲ್ಲಿ ಬೇರೆ ಊರಿನ ಹೆಂಗಸರ ಗುಂಪು. ಅವರಲ್ಲೊಬ್ಬಾಕೆ ಮಾನ್‌ಹೋಗೆ ಕಿಮ್ಚಿಯ ಡಬ್ಬಿ ಕೊಟ್ಟು ಏನೋ ಮಾತಾಡಿಸುತ್ತಿದ್ದಳು. ಜೇಗುನ್ ಅಲ್ಲಿಂದಲೇ ಕೂಗಿದ:

"ತಂಗಿ, ಆ ಕೈ ಮುಟ್ಟಬೇಡಮ್ಮ! ಮೂಸಿ ನೋಡು ಮೊದ್ಲು. ನಮ್ಮೂರಿನ ಗಂಡಸರ ಕೊಳೆಯೆಲ್ಲ ಆ ಉಗುರಲ್ಲೇ ಇದೆ!"

ಎರಡೂ ಚಾಪೆಯವರು ಬಿದ್ದು ಬಿದ್ದು ನಕ್ಕರು. ಮಾನ್‌ಹೋನೂ ನಕ್ಕ. ಸ್ವಲ್ಪ ಹೊತ್ತಿಗೆ ಜೇಗುನ್ ಎದ್ದು, ಸಮುದ್ರಕ್ಕೆ ಇಳಿಯುವ ಕಲ್ಲುಮೆಟ್ಟಿಲ ಕಡೆ ಮೂತ್ರಕ್ಕೆ ಹೋದ. ಅದಾದ ಮೇಲೆ ಒಂದು ಕೂಗು ಕೇಳಿತು. ಮೆಟ್ಟಿಲ ಬುಡದ ಬಂಡೆಗಳ ಮೇಲೆ ಜೇಗುನ್ ಬಿದ್ದಿದ್ದ. ಬಲಗೈ ಮೈಯ ಅಡಿಗೆ ಸಿಕ್ಕಿ ಮಣಿಕಟ್ಟು ಹಿಂದುಮುಂದಾಗಿತ್ತು. ಮೇಲೆ ಮಾನ್‌ಹೋ ನಿಂತಿದ್ದ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಅವನು ಚಾಪೆಗೆ ಬಂದು ಮಲಗಿ ಗೊರಕೆ ಹೊಡೆಯುತ್ತಿದ್ದ. ಸಂಜೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಎಚ್ಚರವಾದಾಗ ಅವನು ಕೇಳಿದ ಮೊದಲ ಮಾತು, "ಅಣ್ಣ, ಬಸ್ಸು ಯಾಕೆ ನಿಂತಿದೆ?"

ಜೇಗುನ್‌ನನ್ನು ನೀನೇ ತಳ್ಳಿದೆ ಎಂದು ಪೊಲೀಸರು ಹೇಳುತ್ತಿದ್ದಾರೆ ಎಂದೆ. ಅವನು ನಂಬಲಿಲ್ಲ. ನಂತರ ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿದ.

ಜೇಗುನ್‌ನ ಮಣಿಕಟ್ಟಿನ ಮೂಳೆ ಕೂಡಿತು, ನರ ಕೂಡಲಿಲ್ಲ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಗುವುದೇ ನಿಂತುಹೋಯಿತು. ಕ್ಷೌರಿಕನಿಗೆ ಆ ಎರಡು ಬೆರಳು ಹೋದರೆ ಇನ್ನೇನು ಉಳಿಯಿತು?

ಪೊಲೀಸರು ಕೇಳಿದಾಗ ನಾವೆಲ್ಲ ಒಂದೇ ಮಾತು ಹೇಳಿದೆವು: ತುಂಬಾ ಕುಡಿದಿದ್ದ, ಏನು ಮಾಡುತ್ತಿದ್ದೇನೆ ಎಂಬ ಪರಿವೆ ಇರಲಿಲ್ಲ. ನನ್ನನ್ನು ಬೇರೆಯಾಗಿ ಕೇಳಿದಾಗ, ನಾನು ಆ ಕಡೆ ನೋಡುತ್ತಿರಲಿಲ್ಲ ಎಂದೆ.

ಕೇಸು ಕೋರ್ಟಿಗೆ ಹೋಗುವವರೆಗೆ ಮಾನ್‌ಹೋನನ್ನು ಮನೆಗೆ ಬಿಟ್ಟಿದ್ದರು. ಅವನು ಮನೆಯಲ್ಲಿ ನಿಲ್ಲಲೇ ಇಲ್ಲ. ಕೆಲಸಕ್ಕೆ ಬಂದ, ಆದರೆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಬೋಟು ಮೆಕ್ಯಾನಿಕ್ಕನ ಬೆನ್ನಿನ ಒಂದೇ ಜಾಗವನ್ನು ಉಜ್ಜುತ್ತಲೇ ಇದ್ದುಬಿಟ್ಟ. ಮೆಕ್ಯಾನಿಕ್ "ಅಯ್ಯೋ, ಚರ್ಮ ಕಿತ್ತು ಬಂತಲ್ಲೋ!" ಎಂದು ಹಾರಿ ಎದ್ದ, ಬೆನ್ನಿನ ಮೇಲೆ ರಕ್ತ ಜಿನುಗುತ್ತಿತ್ತು. ಆಮೇಲೆ ಮಾನ್‌ಹೋ ಕೈಯ ಬಟ್ಟೆಚೀಲ ಕಳಚಿ ತೂಗುಹಾಕಿ ಹೊರಟುಹೋದ. ಅಲೆತಡೆಯ ಗೋಡೆಯ ಮೇಲೆ ದೀಪಸ್ತಂಭದವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಬೊಕ್‌ಹೀ ಕಟ್ಟಿಕೊಟ್ಟ ಊಟದ ಡಬ್ಬಿ ತೆರೆಯದೆ ಹಾಗೇ ವಾಪಸು ಬರುತ್ತಿತ್ತು.

ಆಮೇಲೆ ಅವನಿಗೆ ಇನ್ನೊಂದು ಹುಚ್ಚು ಹಿಡಿಯಿತು. ಪ್ರವಾಸಕ್ಕೆ ಬಂದಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, "ನಾನು ಏನ್ ಮಾಡ್ದೆ, ಸ್ವಲ್ಪ ಹೇಳ್ತೀರಾ?" ಎಂದು ಕೇಳತೊಡಗಿದ.

ಸಂಘದ ಅಧ್ಯಕ್ಷರು, "ಅದನ್ನ ಕೆದಕಿ ಏನ್ ಸಿಗುತ್ತೋ? ಮಾಡಿದ್ದು ಹೆಂಡ, ನೀನಲ್ಲ" ಎಂದರು.

ಹಾರ್ಡ್‌ವೇರ್ ಅಂಗಡಿಯವನು, "ಇಬ್ರೂ ಒಟ್ಟಿಗೆ ಜಾರಿದ್ರಿ ಅನ್ಸುತ್ತಪ್ಪ. ಕಲ್ಲು ಪಾಚಿಗಟ್ಟಿತ್ತು" ಎಂದ.

ಅವನ ಹೆಂಡತಿ, "ನೀವು ಅವನನ್ನ ಹಿಡ್ಕೊಳ್ಳೋಕೆ ಹೋಗಿದ್ರಿ ಅಂತ ನಾನಂದ್ಕೊಂಡಿದ್ದೆ" ಎಂದಳು.

ಅವನು ನನ್ನ ಹತ್ತಿರ ಬಂದು ಇದನ್ನೆಲ್ಲ ಒಪ್ಪಿಸಿದ. "ನೋಡಿ ಅಣ್ಣ, ಹದಿನಾಲ್ಕು ಮನೆಗೆ ಹೋದೆ. ಹದಿನಾಲ್ಕು ಥರ ಹೇಳಿದ್ರು. ಎಲ್ಲದ್ರಲ್ಲೂ ನಾನು ಒಳ್ಳೇವ್ನೇ. ಹಾಗಾದ್ರೆ ಅವನ ಕೈ ಮುರಿದಿದ್ದು ಯಾರು?"

"ಕುಡಿದಾಗ ಮನುಷ್ಯ ಮನುಷ್ಯನಾಗಿರಲ್ಲ ಕಣೋ. ನಾಯಿಯಾಗ್ತಾನೆ. ನಾಯಿ ಕಚ್ಚಿದ್ದಕ್ಕೆ ಯಾರಾದ್ರೂ ಲೆಕ್ಕ ಕೇಳ್ತಾರಾ?"

"ನಾಯಿ ಸಾಕಿದವನನ್ನ ಕೇಳ್ತಾರೆ," ಎಂದ ಅವನು. ನಾನು ಬಾಯ್ಲರಿನ ಬೆಂಕಿ ನೋಡುವ ನೆಪದಲ್ಲಿ ಎದ್ದುಹೋದೆ.

ಕೋರ್ಟು ಕೊಟ್ಟಿದ್ದ ವಕೀಲ ಒಳ್ಳೆಯ ಹುಡುಗ, ಮೂವತ್ತು ದಾಟಿರಲಿಲ್ಲ. ಅವನ ಸಲಹೆ ಸರಳವಾಗಿತ್ತು: ಕುಡಿತದಿಂದ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ವಾದಿಸೋಣ, ಶಿಕ್ಷೆ ಕಡಿಮೆಯಾಗುವ ಸಾಧ್ಯತೆ ಇದೆ, ಊರವರಿಂದ ಒಂದು ಮನವಿಯೂ ಬಂದರೆ ಜೈಲೇ ತಪ್ಪಬಹುದು. "ನಿಮಗೆ ನಿಜವಾಗ್ಲೂ ನೆನಪಿಲ್ಲ ತಾನೆ? ಅದನ್ನೇ ಹೇಳಿ ಸಾಕು. ಸುಳ್ಳೇನೂ ಹೇಳ್ಬೇಕಾಗಿಲ್ಲ."

ಬೊಕ್‌ಹೀ ವಕೀಲನ ಕೈ ಹಿಡಿದು ಅತ್ತಳು. ಮನವಿ ಬರೆಯುವ ಕೆಲಸ ನಾನು ವಹಿಸಿಕೊಂಡೆ. ನನ್ನ ಅಕ್ಷರ ಚೆನ್ನಾಗಿದೆ. 'ಇರುವೆಯನ್ನೂ ನೋಯಿಸದ ಮನುಷ್ಯ, ಹೆಂಡದ ಅಮಲಿನಲ್ಲಿ ತನ್ನರಿವಿಲ್ಲದೆ' ಎಂದೆಲ್ಲ ಎರಡು ಪುಟ ಬರೆದು, ಮನೆ ಮನೆಗೆ ಹೋಗಿ ನಲವತ್ತಮೂರು ಜನರಿಂದ, ನಮ್ಮಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಹಾಕಿಸಿದೆ. ಜೇಗುನ್‌ನ ಬೀದಿಗೆ ಮಾತ್ರ ಹೋಗಲಿಲ್ಲ.

ಮಾನ್‌ಹೋ ಆ ಹಾಳೆಗಳನ್ನು ಓದಿ ಮಡಚಿ ನನ್ನ ಮುಂದೆಯೇ ಇಟ್ಟ. "ಅಣ್ಣ, ನಾನಿನ್ನೂ ಜೇಗುನ್‌ನ ಕೇಳಿಲ್ಲ. ನೀವೂ ಬನ್ನಿ. ಒಬ್ನೇ ಹೋದ್ರೆ ಅತ್ತಿಗೆ ಬಾಗ್ಲು ತೆಗೆಯಲ್ಲ."

ಎರಡು ಸಲ ಅವನೊಬ್ಬನೇ ಹೋಗಿದ್ದನಂತೆ. ಒಮ್ಮೆ ಜೇಗುನ್‌ನ ಹೆಂಡತಿ ಅಕ್ಕಿ ತೊಳೆದ ನೀರು ಎರಚಿದ್ದಳು. ನಾನು ಹಲವು ನೆಪ ಹೇಳಿದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಆಕೆ ನನ್ನ ಮುಖ ನೋಡಿ ಬಾಗಿಲು ತೆಗೆದಳು. "ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಒಳಗೆ ಬಿಡ್ತಿದೀನಿ. ನಿಮ್ಮ ಮನವಿಗಲ್ಲ," ಎಂದಳು. ಅದು ಅವಳ ಕಿವಿಗೂ ಬಿದ್ದಿತ್ತು.

ಜೇಗುನ್ ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಎದುರಿಗೆ ಮಾನ್‌ಹೋ ಮಂಡಿಯೂರಿ ಕೂತ.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ. ನಾನೇನ್ ಮಾಡ್ದೆ ಅಂತ ಕೇಳೋಕೆ ಬಂದೆ. ಅದು ಗೊತ್ತಿಲ್ದೆ ಯಾವುದಕ್ಕೆ ಕ್ಷಮೆ ಕೇಳ್ಲಿ?"

ಜೇಗುನ್ ಚಮಚ ಕೆಳಗಿಟ್ಟ. ಆಮೇಲೆ ಯಾರದೋ ಕಥೆ ಹೇಳುವವನ ಹಾಗೆ, ಏರಿಳಿತವಿಲ್ಲದೆ ಶುರು ಮಾಡಿದ.

"ನಾನು ಮೆಟ್ಟಿಲ ತುದೀಲಿ ನಿಂತಿದ್ದೆ. ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿ ನೋಡ್ದೆ. ನೀನು ಬರ್ತಿದ್ದೆ. ಬೂಟು ಹಾಕ್ಕೊಂಡಿದ್ದೆ ಕಣೋ. ಚಾಪೆಯಿಂದ ಎದ್ದು ಬೂಟು ಹಾಕ್ಕೊಂಡಿದ್ದೆ, ಎರಡೂ ಕಾಲಿಗೆ ಸರಿಯಾಗಿ. ದಾರ ಕೂಡ ಕಟ್ಟಿದ್ದೆ. ನಾನು ಹೇಳ್ದೆ, 'ಬಾ, ನೀನೂ ಹೊಯ್ಯಿ, ಸಮುದ್ರ ಏನೂ ತುಂಬಿಹೋಗಲ್ಲ' ಅಂತ. ನೀನು ನಗ್ಲಿಲ್ಲ. ನಿಂತ್ಕೊಂಡು ಹಿಂದೆ ತಿರುಗಿ ನೋಡ್ದೆ. ಚಾಪೆ ಕಡೆ. ಯಾರಾದ್ರೂ ನೋಡ್ತಿದಾರಾ ಅಂತ. ನಾನು ಪ್ಯಾಂಟಿನ ಜಿಪ್ಪು ಎಳ್ಕೊಳ್ಳೋಕೆ ಆ ಕಡೆ ತಿರುಗಿದೆ. ಆಗ ಎರಡೂ ಕೈ ಬೆನ್ನಿಗೆ ಬಂತು. ಬೀಳೋ ಮುಂಚೆ ಕಿವಿ ಹತ್ರ ಒಂದು ಮಾತು ಕೇಳ್ತು. 'ಈಗ ಮೂಸಿ ನೋಡು' ಅಂದೆ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಅವನ ಹೆಂಡತಿ ಹೋಗಿ ಆರಿಸಲಿಲ್ಲ.

"ಹೆಂಡ ಬೂಟಿನ ದಾರ ಕಟ್ಟುತ್ತಾ?" ಎಂದ ಜೇಗುನ್. "ನಂಬಿಕೆ ಬರದಿದ್ರೆ ಇವರನ್ನ ಕೇಳು. ನೀನು ನೋಡಿದ್ದು ಇವರ ಕಡೆಗೇ."

ಮಾನ್‌ಹೋ ನನ್ನತ್ತ ತಿರುಗಿದ.

ನಾನು ನೋಡಿದ್ದೆ. ಲೋಟ ಎತ್ತಿದ್ದೆ, ಅವನು ದೂರದಿಂದ ತಿರುಗಿದ, ಕಣ್ಣು ಕಣ್ಣು ಕೂಡಿತು. ಅದು ಪರಿವೆ ಇಲ್ಲದವನ ಕಣ್ಣಲ್ಲ. ಏನೋ ಆಗುತ್ತದೆ ಎಂದು ನನಗೆ ಅನ್ನಿಸಿತ್ತು. ನಾನು ಲೋಟದೊಳಕ್ಕೆ ಕಣ್ಣು ಇಳಿಸಿಬಿಟ್ಟೆ. ಎರಡು ತಿಂಗಳಿಂದ ಆ ಒಂದು ಕ್ಷಣದ ಸುತ್ತ ನಾನೂ ಅಡ್ಡಾಡುತ್ತಿದ್ದೆ.

"ನಾನೂ ಕುಡಿದಿದ್ದೆ ಕಣೋ," ಎಂದೆ. "ಸರಿಯಾಗಿ ಕಾಣ್ಲಿಲ್ಲ."

ಜೇಗುನ್ ಗಟ್ಟಿಯಾಗಿ ನಕ್ಕ. "ನೋಡ್ದ್ಯಾ? ಇವರೂ ಅದೇ ಮಾತು. ಊರಲ್ಲಿ ಕುಡಿಯದೇ ಇದ್ದವನು ನಾನೊಬ್ನೇ ಅನ್ಸುತ್ತೆ. ನಾನೂ ಆರು ಲೋಟ ಏರಿಸಿದ್ದೆ ಕಣ್ರಪ್ಪ, ನನ್ನ ಕೈಗೆ ಮಾತ್ರ ಎಲ್ಲಾ ನೆನಪಿದೆ!"

ಅವನ ಹೆಂಡತಿ, "ಸಾಕು, ಎದ್ದು ಹೋಗಿ" ಎಂದಳು.

ಹೊರಗೆ ಬಂದ ಮೇಲೆ ಮಾನ್‌ಹೋ ಸಣ್ಣ ಗಲ್ಲಿಯ ಗೋಡೆಗೆ ಒರಗಿ ವಾಂತಿ ಮಾಡಿದ. ಎರಡು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ, ಆದರೂ ಕುಡಿದವನ ಹಾಗೇ ಮಾಡಿದ. ಬಾಯಿ ಒರೆಸಿಕೊಂಡು ಕೇಳಿದ:

"ಕಂಡಿತ್ತಾ ಅಣ್ಣ?"

"ಕಂಡಿತ್ತು."

"ಬೂಟು?"

"ಹೂಂ. ಬೂಟು ಹಾಕೋ ಮುಂಚೆ ನೀನು ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿದೆ. ಯಾರೂ ತುಳೀಬಾರ್ದು ಅಂತ."

ಅವನು ನನ್ನ ಮೇಲೆ ಕೂಗಾಡುತ್ತಾನೆ ಎಂದುಕೊಂಡೆ. ಅವನು ತಲೆಯಾಡಿಸಿದ, ಅಷ್ಟೆ. ಆಮೇಲೆ ಬಂದರಿನವರೆಗೆ ನಡೆದು ಬರುವಾಗ ತಾನೇ ಮಾತಾಡಿದ. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಅವನು ಕೊಳೆ ಅಂದಾಗೆಲ್ಲ ಒಳಗೆ ಒಂದು ಕಡೆ ಉರೀತಿತ್ತು ಅಣ್ಣ. ಕುಡೀದೇ ಇದ್ದಾಗ್ಲೂ ಉರೀತಿತ್ತು. ನಾನು ನಗ್ತಿದ್ದೆ. ಇವನನ್ನ ಎತ್ತಿ ತೊಟ್ಟಿಗೆ ಹಾಕ್ಬೇಕು ಅಂತ ಎಷ್ಟು ಸಲ ಅನ್ಕೊಂಡಿದೀನಿ ಗೊತ್ತಾ? ಹೆಂಡ ಹೊಸದೇನೂ ತಂದು ಒಳಗೆ ಹಾಕ್ಲಿಲ್ಲ. ಇದ್ದಿದ್ದನ್ನೇ ಎತ್ತಿ ಹೊರಗಿಟ್ತು. ಮತ್ತೆ ಆ ಹೆಂಡಾನ ಬಾಯಿಗೆ ಹುಯ್ಕೊಂಡವನೂ ನಾನೇ."

"ನಾನು ಸುರಿದಿದ್ದು."

"ನೀವು ಸುರಿದ್ರಿ, ನಾನು ಕುಡಿದೆ. ಲೋಟ ಮಗುಚಿ ಇಡಬಹುದಿತ್ತು."

ಮಾರನೆಯ ದಿನ ಅವನು ವಕೀಲನ ಬಳಿ ಹೋಗಿ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ವಾದ ಬೇಡ ಎಂದ. ವಕೀಲ ತಲೆ ಮೇಲೆ ಕೈ ಹೊತ್ತು ಕೂತ. "ನೆನಪೇ ಇಲ್ಲದ್ದನ್ನ ಒಪ್ಕೊಳ್ತೀನಿ ಅಂತೀರಲ್ಲ!" ಬೊಕ್‌ಹೀ ಸ್ನಾನಗೃಹಕ್ಕೇ ಬಂದು, ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿ ನನ್ನ ಮುಂದೆ ಕಿರುಚಿದಳು. "ನೀವ್ಯಾಕೆ ಅವನನ್ನ ಅಲ್ಲಿಗೆ ಕರ್ಕೊಂಡ್ ಹೋದ್ರಿ? ಸುಮ್ನೆ ನೆನಪಿಲ್ಲ ಅಂದ್ಕೊಂಡು ಇರ್ತಿದ್ದ! ಈ ಊರಲ್ಲಿ ಯಾರ ಗಂಡ, ಯಾರ ತಮ್ಮ ಕುಡಿದು ಏನೂ ಮಾಡಿಲ್ಲ? ನನ್ನ ತಮ್ಮನೊಬ್ನೇ ಜೈಲಿಗೆ ಹೋಗ್ಬೇಕಾ?" ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಲವತ್ತಮೂರು ಮುದ್ರೆ ಹಾಕಿದವರಲ್ಲಿ ಮೂವರು ನಾಲ್ವರು ಕುಡಿದು ಮನೆಯಲ್ಲಿ ಏನೇನು ಮಾಡಿದ್ದರು ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಅವರೆಲ್ಲ ಬೇಗ ಬೇಗ ಮುದ್ರೆ ಒತ್ತಿದ್ದರು.

ನಾನು ಮತ್ತೂ ಒಂದು ವಾರ ತೆಗೆದುಕೊಂಡೆ. ಠಾಣೆಯವರೆಗೆ ಹೋಗಿ ಎರಡು ಸಲ ಹಿಂತಿರುಗಿದೆ. ಮೂರನೆಯ ಸಲ ಒಳಗೆ ಹೋಗಿ ಮೊದಲು ಕೊಟ್ಟ ಹೇಳಿಕೆ ಸರಿಯಲ್ಲ ಎಂದೆ. ಪೊಲೀಸನು, "ಆಗ ಯಾಕೆ ಹೀಗೆ ಹೇಳ್ಲಿಲ್ಲ ಯಜಮಾನ್ರೇ?" ಎಂದು ಕೇಳಿದ. ಕುಡಿದಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. "ಹೇಳೋಕೆ ಮನಸ್ಸಿರಲಿಲ್ಲ," ಎಂದೆ.

ಕೋರ್ಟಿನಲ್ಲಿ ನಾನು ಸಾಕ್ಷಿ ನುಡಿಯುವಾಗ ಮಾನ್‌ಹೋ ತಲೆ ಎತ್ತಿ ಕೇಳುತ್ತಿದ್ದ. ನಾನು ಎಲ್ಲಿಯಾದರೂ ಬಿಟ್ಟುಬಿಡುತ್ತೇನೇನೋ ಎಂದು ಕಾಯುತ್ತಿದ್ದಂತೆ ಕಂಡಿತು. ನ್ಯಾಯಾಧೀಶೆ ನಡುವಯಸ್ಸಿನ ಹೆಂಗಸು. ಕೊನೆಯಲ್ಲಿ ಅವರು ಅವನನ್ನು ಕೇಳಿದರು, "ನಿಮಗೆ ಆ ಘಟನೆ ಈಗಲಾದರೂ ನೆನಪಿದೆಯೆ?"

"ಇಲ್ಲ."

"ಹಾಗಾದರೆ ನೀವೇ ಮಾಡಿದ್ದು ಎಂದು ಹೇಗೆ ಹೇಳುತ್ತೀರಿ?"

ಹಿಂದಿನ ಬೆಂಚಿನಲ್ಲಿ ಬೊಕ್‌ಹೀ ಪ್ರಾರ್ಥನೆಯ ಹಾಗೆ ಏನೋ ಗೊಣಗುತ್ತಿದ್ದಳು.

"ಬೂಟಿನ ದಾರ ಗಂಟಾಗಿತ್ತು, ಅಮ್ಮ. ಠಾಣೇಲಿ ಎಚ್ಚರ ಆದಾಗ ಬಿಚ್ಚೋಕೆ ಹೋದೆ. ಎರಡು ಸುತ್ತಿನ ಗಂಟು. ನಮ್ಮಪ್ಪ ದೋಣೀಲಿ ಹಾಕ್ತಿದ್ದ ಗಂಟು. ಅದನ್ನ ನಾನು ಬಿಟ್ಟು ಬೇರೆ ಯಾರೂ ಹಾಕಲ್ಲ."

ಎಂಟು ತಿಂಗಳು ಶಿಕ್ಷೆಯಾಯಿತು. ಅವನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಜೇಗುನ್ ಕೋರ್ಟಿಗೆ ಬಂದಿರಲಿಲ್ಲ. ಶಿಕ್ಷೆಯ ಸುದ್ದಿ ನಾನೇ ಹೋಗಿ ಹೇಳಿದಾಗ, "ಎಂಟು ತಿಂಗಳಾದ್ಮೇಲೆ ಅವನು ಬರ್ತಾನೆ. ನನ್ನ ಬೆರಳು ಬರಲ್ಲ" ಎಂದ. ಆಮೇಲೆ, "ಬೂಟಿನ ಮಾತು ಅವನೇ ಆಡಿದ್ನಾ?" ಎಂದು ಕೇಳಿದ. ಹೌದೆಂದೆ.

ಆ ಚಳಿಗಾಲದಲ್ಲಿ ಜೇಗುನ್‌ನ ಹೆಂಡತಿ ಕ್ಷೌರ ಕಲಿತು ಅದೇ ಕುರ್ಚಿಯನ್ನು ನನ್ನ ಸ್ನಾನಗೃಹದ ಮುಂಬಾಗಿಲ ಪಕ್ಕದ ಕೋಣೆಗೆ ಹಾಕಿಸಿದಳು. ಗಂಡಸರು ಬಟ್ಟೆ ಬಿಚ್ಚುವಲ್ಲಿ ಆಕೆ ನಿಲ್ಲುವಂತಿರಲಿಲ್ಲ. ಜೇಗುನ್ ಪಕ್ಕದಲ್ಲಿ ನಿಂತು ಬಾಯಲ್ಲೇ ಕತ್ತರಿ ಆಡಿಸುತ್ತಾನೆ. "ಕಿವಿ ಮೇಲೆ ಜಾಸ್ತಿ ತೆಗೀಬೇಡ, ಕಿವಿ ಮೇಲೆ!" "ಹಂಗಾದ್ರೆ ನೀವೇ ಬಾಯಲ್ಲಿ ಕಚ್ಕೊಂಡು ಕತ್ತರಿಸಿ!" ಗಿರಾಕಿಗಳು ನಗುತ್ತಾರೆ. ಮೈ ಉಜ್ಜಿಸಿಕೊಂಡು ಬಂದವರನ್ನು ನೋಡಿ ಅವನು ಈಗ ಯಾವ ಮಾತನ್ನೂ ಆಡುವುದಿಲ್ಲ.

ಬಿಡುಗಡೆಯಾದ ದಿನ ನಾನೂ ಬೊಕ್‌ಹೀನೂ ಮಾನ್‌ಹೋನನ್ನು ಕರೆತರಲು ಹೋಗಿದ್ದೆವು. ಜೈಲಿನಿಂದ ಬಂದವರು ಶುದ್ಧರಾಗಲಿ ಎಂದು ಕೊಡುವ ಸೋಯಾಹಾಲಿನ ಬಿಳಿ ತೋಫು ಅವನು ತಿಂದ. ಹಲಗೆ ಖಾಲಿ ಇದೆ, ಬಾ ಎಂದು ಕರೆದೆ.

"ಜೇಗುನ್ ಅಲ್ಲೇ ನಿಂತಿರ್ತಾನಲ್ಲ ಅಣ್ಣ. ಅವನು ದಿನಾ ಬೆಳಗ್ಗೆದ್ದು ನನ್ನ ಮುಖ ಯಾಕೆ ನೋಡ್ಬೇಕು?" ಎಂದ. ಪಕ್ಕದ ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ ಹಿಡಿದ.

ಹೋದ ಶರತ್ಕಾಲದಲ್ಲಿ ಬಾಯ್ಲರಿನ ಕೊಳವೆ ತರಲು ಆ ಕಡೆ ಹೋಗಿದ್ದೆ. ಮಧ್ಯಾಹ್ನ ಕಾರ್ಖಾನೆಯ ಎದುರಿನ ಅಂಗಡಿಯಲ್ಲಿ ಇಬ್ಬರೂ ನೂಡಲ್ಸ್ ತಿನ್ನಲು ಕೂತೆವು. ಅವನು ಬಡವಾಗಿದ್ದ. ತಿನ್ನುತ್ತ ತಿನ್ನುತ್ತ ಕಾಲು ಅಲ್ಲಾಡಿಸುತ್ತಲೇ ಇದ್ದ, ಮೊದಲು ಆ ಅಭ್ಯಾಸ ಇರಲಿಲ್ಲ.

"ಅಣ್ಣ, ಈಚೆಗೆ ನನಗೆ ಅದು ಕಾಣುತ್ತೆ. ಪೈನ್ ಮರ, ಅವನ ಬೆನ್ನು, ನಿಮ್ಮ ಕೈಯಲ್ಲಿನ ಲೋಟ. ಅವನ ಶರಟು ನೀಲಿ ಬಣ್ಣದ್ದಾ?"

ನನಗೆ ನೆನಪಿರಲಿಲ್ಲ. ಹಾಗೇ ಹೇಳಿದೆ.

"ಅದು ನೆನಪೋ, ನೀವೆಲ್ಲ ಹೇಳಿದ್ದನ್ನ ಸೇರಿಸಿ ನಾನೇ ಕಟ್ಕೊಂಡಿದ್ದೋ ಗೊತ್ತಾಗ್ತಿಲ್ಲ. ಜೇಗುನ್‌ನ ಕೇಳ್ಬೇಕು ಅನ್ಸುತ್ತೆ. ಮತ್ತೆ ಹೋಗಿ ಅವನ ಮನೆ ಬಾಗ್ಲಲ್ಲಿ ನಿಂತು, ನಿನ್ನ ಶರಟು ಯಾವ ಬಣ್ಣ ಅಂತ ಹೇಗೆ ಕೇಳ್ಲಿ?"

"ನಾನು ಕೇಳಿ ನೋಡ್ಲಾ?"

"ಬೇಡ," ಎಂದ. ಮತ್ತೆ, "ಕೇಳಿ" ಎಂದ. ಆಮೇಲೆ, "ಬೇಡ ಬಿಡಿ ಅಣ್ಣ. ಅದು ನನ್ನ ಕೆಲಸ."

ಕಾರ್ಖಾನೆಯ ಅಂಗಳಕ್ಕೆ ಲಾರಿ ಬಂದು ನಿಂತಿತು. ಬಟ್ಟಲಿನಲ್ಲಿ ಅರ್ಧ ನೂಡಲ್ಸ್ ಹಾಗೇ ಉಳಿದಿತ್ತು. ರಬ್ಬರಿನ ಕೈಗವಸು ಎಳೆದು ತೊಟ್ಟುಕೊಳ್ಳುತ್ತ ಅವನು ಎದ್ದು, ನನಗೆ ಸೊಂಟ ಬಾಗಿಸಿ ನಮಸ್ಕರಿಸಿ, ರಸ್ತೆ ದಾಟಿದ. ಮಂಜುಗಡ್ಡೆಯ ದೊಡ್ಡ ಹಲಗೆಗಳನ್ನು ಇಕ್ಕುಳದಲ್ಲಿ ಹಿಡಿದು ಒಂದೊಂದಾಗಿ ಲಾರಿಗೆ ತಳ್ಳತೊಡಗಿದ. ನಾನು ಎರಡು ಗಂಟೆಯ ಬಸ್ಸು ಹಿಡಿದೆ. ಊರು ಬರುವವರೆಗೂ ಜೇಗುನ್‌ನ ಶರಟಿನ ಬಣ್ಣವನ್ನೇ ಯೋಚಿಸುತ್ತಿದ್ದೆ.